‘ಒಳ್ಳೆಯದು’ ಎಂಬ ಮಾತಿನ ಹಿಂದಿನ ಅಳತೆಗೋಲು

(ಮದ್ದೂರು ತಾಲ್ಲೂಕಿನ ಚಿಕ್ಕರಸಿನಕೆರೆಯಲ್ಲಿ ವಿದ್ಯಾರ್ಥಿಗಳು ಹಾಗೂ ಗ್ರಾಮಸ್ಥರ ಮುಂದೆ ನಮ್ಮ ವರದಿಗಾರರು ಮಾಡಿದ ಭಾಷಣದ ಬರಹ ರೂಪ)



‘ವಾದ ಮಾಡುವ ಬರಹಗಳನ್ನು ಓದುವುದು ಹೇಗೆ’ ಎಂಬ ವಿಷಯವನ್ನು ನನಗೆ ಕೊಟ್ಟಿದ್ದೀರಿ. ನಾನು ಪತ್ರಿಕೋದ್ಯಮದಲ್ಲಿ ಒಂದು ಡಿಪ್ಲೊಮಾ ಮುಗಿಸಿ ಸುದ್ದಿ ಬರೆಯುವ ಕೆಲಸಕ್ಕೆ ಸೇರಿದವನು. ವಿದ್ವಾಂಸನಲ್ಲ. ವೇದಿಕೆಗಿಂತ ವೇದಿಕೆಯ ಕೆಳಗೆ ನೋಟ್‌ಬುಕ್ ಹಿಡಿದು ಕೂರುವುದೇ ನನಗೆ ರೂಢಿ. ಆದ್ದರಿಂದ ನನ್ನ ಕಸುಬಿನಲ್ಲಿ ಕಂಡದ್ದನ್ನು, ಎಡವಿದ್ದನ್ನು ಹೇಳುತ್ತೇನೆ.

ಇಲ್ಲಿ ಕೂತಿರುವ ವಿದ್ಯಾರ್ಥಿಗಳೆಲ್ಲ ಒಂದಲ್ಲ ಒಂದು ಸಲ ‘ವರವೋ ಶಾಪವೋ’ ಎಂಬ ಪ್ರಬಂಧ ಬರೆದಿರುತ್ತೀರಿ. ನಿಮ್ಮ ತಂದೆತಾಯಿಯರ ಕಾಲದಲ್ಲಿ ‘ದೂರದರ್ಶನ ವರವೋ ಶಾಪವೋ’ ಎಂದಿತ್ತು. ಅದಕ್ಕೂ ಮುಂಚೆ ‘ವಿಜ್ಞಾನ ವರವೋ ಶಾಪವೋ’. ಈಗ ಮೊಬೈಲ್ ಫೋನಿನ ಸರದಿ. ಹೆಸರು ಬದಲಾದರೂ ಬರೆಯುವ ಕ್ರಮ ಬದಲಾಗಿಲ್ಲ. ಒಂದು ಪುಟ ವರ, ಒಂದು ಪುಟ ಶಾಪ, ಕೊನೆಗೆ ‘ಹಿತಮಿತವಾಗಿ ಬಳಸಿದರೆ ವರವೇ ಸರಿ’ ಎಂದು ಮುಗಿಸಿ ಪೆನ್ನಿನ ಕ್ಯಾಪ್ ಹಾಕುತ್ತೇವೆ. ನಾನೂ ಹಾಗೇ ಬರೆದು ಅಂಕ ತೆಗೆದುಕೊಂಡವನು. ಆದರೆ ‘ವರ’ ಎಂದರೆ ಏನು, ಯಾರಿಗೆ ವರ, ಯಾವ ತಕ್ಕಡಿಯಲ್ಲಿ ತೂಗಿ ವರ ಎಂದೆ ಎಂದು ಯಾವ ಮೇಷ್ಟರೂ ನನ್ನನ್ನು ಕೇಳಲಿಲ್ಲ. ನಾನೂ ಕೇಳಿಕೊಳ್ಳಲಿಲ್ಲ. ಇವತ್ತಿನ ಮಾತು ಆ ಕೇಳದೆ ಉಳಿದ ಪ್ರಶ್ನೆಯ ಬಗ್ಗೆ.

ನಿಮ್ಮ ಕಡೆಯದೇ ಒಂದು ಉದಾಹರಣೆಯಿಂದ ಹೊರಡೋಣ. ಮಂಡ್ಯ ಜಿಲ್ಲೆಯಲ್ಲಿ ಆಲೆಮನೆ ಕಾಣದವರು ಯಾರೂ ಇಲ್ಲ. ಒಂದು ಆಲೆಮನೆಯ ಮುಂದೆ ಎರಡು ಬಗೆಯ ಅಚ್ಚುಬೆಲ್ಲ ಇಟ್ಟಿದ್ದಾರೆ ಎಂದುಕೊಳ್ಳಿ. ಒಂದು ಹೊಂಬಣ್ಣದ್ದು, ನೋಡಿದರೆ ಬಾಯಲ್ಲಿ ನೀರೂರಬೇಕು. ಇನ್ನೊಂದು ಕಪ್ಪಗೆ, ಕಂದು ಬಣ್ಣಕ್ಕೆ ತಿರುಗಿದ್ದು. ‘ಯಾವುದು ಒಳ್ಳೆಯ ಬೆಲ್ಲ?’ ಎಂದು ಕೇಳಿದರೆ ಮಂಡಿಯ ವ್ಯಾಪಾರಿ ಮೊದಲನೆಯದನ್ನು ತೋರಿಸುತ್ತಾನೆ. ಅದಕ್ಕೆ ಬೆಲೆ ಹೆಚ್ಚು. ಮನೆಗೆ ತಿನ್ನಲು ಕೊಂಡೊಯ್ಯುವ ತಿಳಿದವರು ಎರಡನೆಯದನ್ನು ತೋರಿಸುತ್ತಾರೆ. ಯಾಕೆಂದರೆ ಆ ಹೊಂಬಣ್ಣ ಬಹಳ ಸಲ ಕೊಪ್ಪರಿಗೆಗೆ ಹಾಕಿದ ಹೈಡ್ರೋಸ್ ಎಂಬ ರಾಸಾಯನಿಕದ ಪುಡಿಯಿಂದ ಬಂದದ್ದು. ಬೆಂಡೆಗಿಡದ ಲೋಳೆ ಹಾಕಿ ಮಡ್ಡಿ ತೆಗೆದು, ಪುಡಿ ಹಾಕದೆ ಇಳಿಸಿದ ಬೆಲ್ಲ ಸಾಮಾನ್ಯವಾಗಿ ಅಷ್ಟು ಬೆಳ್ಳಗಾಗುವುದಿಲ್ಲ.

ಈಗ ಗಮನಿಸಿ. ಇಬ್ಬರೂ ನೋಡುತ್ತಿರುವುದು ಅದೇ ಬೆಲ್ಲವನ್ನು. ಪುಡಿ ಹಾಕಿದೆ ಎಂಬುದನ್ನು ಇಬ್ಬರೂ ಬಲ್ಲರು. ಬಣ್ಣ ಯಾವುದು ಎಂಬುದರಲ್ಲೂ ಜಗಳವಿಲ್ಲ. ಹಾಗಿದ್ದರೂ ಒಬ್ಬ ಇದು ಒಳ್ಳೆಯದು ಎನ್ನುತ್ತಾನೆ, ಇನ್ನೊಬ್ಬ ಅಲ್ಲ ಎನ್ನುತ್ತಾನೆ. ಇವರಲ್ಲಿ ಸುಳ್ಳುಗಾರ ಯಾರು? ಯಾರೂ ಅಲ್ಲ. ವ್ಯಾಪಾರಿಯ ಅಳತೆಗೋಲು ಪೇಟೆಯ ದರ. ತಿನ್ನುವವನ ಅಳತೆಗೋಲು ದೇಹದ ಆರೋಗ್ಯ. ‘ಒಳ್ಳೆಯ’ ಎಂಬ ಒಂದೇ ಪದದ ಬೆನ್ನ ಹಿಂದೆ ಎರಡು ಬೇರೆ ಬೇರೆ ಕೋಲುಗಳು ಅಡಗಿ ಕೂತಿವೆ. ಆ ಕೋಲುಗಳನ್ನು ಹೊರಗೆಳೆಯದೆ ಬೆಳಗಿನ ತನಕ ವಾದ ಮಾಡಿದರೂ ಒಬ್ಬರಿಗೊಬ್ಬರು ಕಿವುಡರಾಗಿಯೇ ಉಳಿಯುತ್ತಾರೆ.

ವಾದದ ಬರಹಗಳಲ್ಲಿ ಬರುವ ಮಾತುಗಳನ್ನು ಸ್ಥೂಲವಾಗಿ ಮೂರು ಬಗೆ ಮಾಡುವ ವಾಡಿಕೆ ಇದೆ. ‘ಈ ಬೆಲ್ಲಕ್ಕೆ ಹೈಡ್ರೋಸ್ ಹಾಕಿದ್ದಾರೆ’ ಎಂಬುದು ಸಂಗತಿಯ ಮಾತು. ಪ್ರಯೋಗಾಲಯಕ್ಕೆ ಕಳಿಸಿದರೆ ಹೌದೋ ಅಲ್ಲವೋ ತಿಳಿಯುತ್ತದೆ. ‘ಈ ಬೆಲ್ಲ ಕೆಟ್ಟದ್ದು’ ಎಂಬುದು ಮೌಲ್ಯದ ಮಾತು. ‘ಇಂಥ ಬೆಲ್ಲದ ಮಾರಾಟ ನಿಲ್ಲಿಸಬೇಕು’ ಎಂಬುದು ಆಗಬೇಕಾದ್ದರ ಮಾತು, ಅಂದರೆ ಕ್ರಮದ ಮಾತು. ಮೊದಲನೆಯದರಿಂದ ಮೂರನೆಯದಕ್ಕೆ ನೇರವಾಗಿ ಜಿಗಿಯುವುದಕ್ಕೆ ಆಗುವುದಿಲ್ಲ. ನಡುವೆ ಮೌಲ್ಯದ ಮಾತು ಎಂಬ ಹಲಗೆ ಇರಲೇಬೇಕು. ‘ಇದೆ’ ಎಂಬುದರಿಂದ ‘ಇರಬೇಕು’ ಎಂಬುದಕ್ಕೆ ಲೇಖಕರು ಸದ್ದಿಲ್ಲದೆ ದಾಟಿಬಿಡುತ್ತಾರೆ ಎಂದು ಸ್ಕಾಟ್ಲೆಂಡಿನ ಡೇವಿಡ್ ಹ್ಯೂಮ್ 18ನೇ ಶತಮಾನದಲ್ಲೇ ಎಚ್ಚರಿಸಿದ್ದ. ನಮ್ಮಲ್ಲೂ ಈ ಚಿಂತನೆ ಹೊಸದಲ್ಲ. ನ್ಯಾಯಶಾಸ್ತ್ರದವರು ಚರ್ಚೆಯನ್ನು ವಾದ, ಜಲ್ಪ, ವಿತಂಡ ಎಂದು ಮೂರಾಗಿ ವಿಂಗಡಿಸಿದ್ದರು. ತತ್ವ ತಿಳಿಯುವುದಕ್ಕೆ ಮಾಡುವುದು ವಾದ, ಗೆಲ್ಲುವುದಕ್ಕೆ ಮಾಡುವುದು ಜಲ್ಪ, ತನ್ನದೊಂದು ಪಕ್ಷವೇ ಇಲ್ಲದೆ ಎದುರಿನವನದನ್ನು ಕೆಡವುವುದಷ್ಟೆ ವಿತಂಡ. ಸಂಜೆಯ ಟಿ.ವಿ. ಚರ್ಚೆಗಳು ಇವುಗಳಲ್ಲಿ ಯಾವುದಕ್ಕೆ ಸೇರುತ್ತವೆ ಎಂದು ನಾನು ಹೇಳಬೇಕಾಗಿಲ್ಲ.

ಇದು ಕಾಲಭೈರವೇಶ್ವರನ ಊರು. ಇಲ್ಲಿನ ಬಸವಪ್ಪನ ಮುಂದೆ ತಕರಾರು ಇಟ್ಟು ಬಗೆಹರಿಸಿಕೊಳ್ಳುವ ನಂಬಿಕೆ ಸುತ್ತಮುತ್ತಲಿನ ಊರುಗಳಲ್ಲೆಲ್ಲ ಇದೆ. ಅದರ ಬಗ್ಗೆ ನಾನೇನೂ ತೀರ್ಪು ಹೇಳುವುದಿಲ್ಲ. ಆದರೆ ಒಂದು ವಿಷಯ ನನ್ನ ಕುತೂಹಲ ಕೆರಳಿಸಿತು. ‘ಒಡವೆ ತೆಗೆದವರು ಯಾರು?’ ಎಂಬಂಥ ಪ್ರಶ್ನೆ ಇಡಬಹುದು. ‘ಹಸಿದು ತೆಗೆದದ್ದು ಎಷ್ಟು ದೊಡ್ಡ ತಪ್ಪು?’ ಎಂಬುದು ಬೇರೆ ಜಾತಿಯ ಪ್ರಶ್ನೆ. ಮೊದಲನೆಯದಕ್ಕೆ ಉತ್ತರ ಸಿಕ್ಕಿದ ಮೇಲೂ ಎರಡನೆಯದು ಹಾಗೇ ಉಳಿಯುತ್ತದೆ. ಅದನ್ನು ಊರಿನವರು ಅರಳಿಕಟ್ಟೆಯಲ್ಲಿ ಕೂತು, ಪರಸ್ಪರ ಮುಖ ನೋಡಿಕೊಂಡು ತೀರ್ಮಾನಿಸಬೇಕು.

ಇನ್ನು ನಾನು ಎಡವಿದ ಕತೆ. 2023ರಲ್ಲಿ ಮಳೆ ಕೈಕೊಟ್ಟಿತ್ತು. ಕಾವೇರಿ ನೀರು ನಿರ್ವಹಣಾ ಪ್ರಾಧಿಕಾರ ತಮಿಳುನಾಡಿಗೆ ದಿನಕ್ಕೆ 5,000 ಕ್ಯೂಸೆಕ್‌ನಂತೆ 15 ದಿನ ನೀರು ಹರಿಸಲು ಹೇಳಿತು. ಸೆಪ್ಟೆಂಬರ್‌ನಲ್ಲಿ ಮತ್ತೊಮ್ಮೆ ಹಾಗೇ ಹೇಳಿತು. ಮಧ್ಯೆ ಪ್ರವೇಶಿಸಲು ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ಮಂಡ್ಯ ಬಂದ್ ಆಯಿತು, ಬೆಂಗಳೂರು ಬಂದ್ ಆಯಿತು, ಸೆಪ್ಟೆಂಬರ್ 29ರಂದು ಕರ್ನಾಟಕ ಬಂದ್. ಆಗ ನಾನು ತರಬೇತಿಯಲ್ಲಿದ್ದ ಹುಡುಗ. ಪ್ರತಿಭಟನೆಯ ವರದಿ ಬರೆಯುವಾಗ ‘ಪ್ರಾಧಿಕಾರದ ಅನ್ಯಾಯದ ಆದೇಶವನ್ನು ಖಂಡಿಸಿ ರೈತರು ರಸ್ತೆ ತಡೆ ನಡೆಸಿದರು’ ಎಂದು ಬರೆದೆ. ಡೆಸ್ಕಿನಲ್ಲಿದ್ದ ಹಿರಿಯರೊಬ್ಬರು ‘ಅನ್ಯಾಯದ’ ಎಂಬ ಪದಕ್ಕೆ ಸುತ್ತು ಹಾಕಿ, ‘ಯಾರು ಹೇಳಿದ್ದು?’ ಎಂದರು. ‘ಎಲ್ಲರೂ ಹೇಳ್ತಾರಲ್ಲ ಸಾರ್’ ಎಂದೆ. ‘ಎಲ್ಲರೂ ಅಂದ್ರೆ ಯಾರು? ಹೊಸೂರು ದಾಟಿದ ಮೇಲೂ ಎಲ್ಲರೂ ಇದ್ದಾರೆ’ ಎಂದರು.

ನನಗೆ ಕೋಪ ಬಂತು. ನಾನೂ ಈ ನೀರು ಕುಡಿದು ಬೆಳೆದವನು. ಆದೇಶ ಅನ್ಯಾಯದ್ದು ಎಂದೇ ನನ್ನ ನಂಬಿಕೆಯಾಗಿತ್ತು. ಅವರು ಹೇಳುತ್ತಿದ್ದುದು ಅದು ನ್ಯಾಯದ ಆದೇಶ ಎಂದಲ್ಲ. ‘ಅನ್ಯಾಯ’ ಎಂಬುದು ತೀರ್ಮಾನ. ತೀರ್ಮಾನವನ್ನು ವಿಶೇಷಣದ ವೇಷ ಹಾಕಿಸಿ ಸಂಗತಿಗಳ ಸಾಲಿನಲ್ಲಿ ಕೂರಿಸಬೇಡ ಎಂದು. ಅದು ಅರ್ಥವಾಗಲು ನನಗೆ ಕೆಲವು ತಿಂಗಳು ಹಿಡಿಯಿತು.

ಅದು ಅರ್ಥವಾದದ್ದು ಪುಸ್ತಕದಿಂದಲ್ಲ. ಈ ತಾಲ್ಲೂಕಿನ ನಾಲೆಯ ಕೊನೆ ಭಾಗದ ಒಬ್ಬ ಹಿರಿಯ ರೈತರಿಂದ. ಹೆಸರು ಬೇಡ. ಬಂದ್ ದಿನ ಅವರು ಹೆದ್ದಾರಿಯಲ್ಲಿ ಕೂತು ನನಗೆ ಹೇಳಿದ್ದು: ‘ನಮ್ಮ ಮ್ಯಾಲೆ ಮಳೆ ಬೀಳೋದು, ನಮ್ಮ ನೆಲದಲ್ಲಿ ಹರಿಯೋದು, ನಮ್ಮೋರೇ ಕಟ್ಟಿದ ಕಟ್ಟೆ. ಮೊದಲು ನಮಗೆ. ಮಿಕ್ಕಿದ್ರೆ ಕೆಳಗಿನೋರಿಗೆ.’ ನಾನು ಬರೆದುಕೊಂಡೆ. ಎರಡು ಮೂರು ವಾರ ಕಳೆದು ನಾಲೆಯ ನೀರು ಕೊನೆ ಭಾಗ ಮುಟ್ಟುತ್ತಿಲ್ಲ ಎಂಬ ಸುದ್ದಿಗೆ ಅದೇ ಊರಿಗೆ ಹೋದೆ. ಅದೇ ಯಜಮಾನರು ಒಣಗಿದ ತೂಬಿನ ಮುಂದೆ ನಿಂತು ಹೇಳಿದರು: ‘ಮ್ಯಾಲಿನೋರು ನಾಲೆಗೆ ಪಂಪ್ ಇಟ್ಟು ಎತ್ಕೊಂಡ್ರೆ ನಮಗೆಲ್ಲಿ ಬರ್ತದೆ? ಮೊದಲು ಸಿಕ್ಕಿದೋನು ತುಂಬಿಸ್ಕೊಳ್ಳೋದಾ? ಕೊನೇಲಿ ಇರೋನ್ದೂ ಪಾಲು ಅಲ್ವೇನಪ್ಪ?’

ನಾನು ಪೆನ್ನು ನಿಲ್ಲಿಸಿದೆ. ಹೆದ್ದಾರಿಯಲ್ಲಿ ಅವರು ಹಿಡಿದಿದ್ದ ಅಳತೆಗೋಲು ‘ಮೇಲಿರುವವನಿಗೆ ಮೊದಲ ಹಕ್ಕು’. ತೂಬಿನ ಮುಂದೆ ಹಿಡಿದದ್ದು ‘ಎಲ್ಲಿದ್ದರೂ ಪಾಲು ಪಾಲೇ’. ಎರಡೂ ಏಕಕಾಲಕ್ಕೆ ನಿಲ್ಲುವಂಥವಲ್ಲ. ಧೈರ್ಯ ಮಾಡಿ ಕೇಳಿಯೇಬಿಟ್ಟೆ, ‘ಯಜಮಾನ್ರೆ, ಅವತ್ತು ಬಂದ್ ದಿನ ಬೇರೆ ಥರ ಹೇಳಿದ್ರಲ್ಲ?’ ಅವರು ಸಿಟ್ಟಾಗುತ್ತಾರೆ ಎಂದುಕೊಂಡಿದ್ದೆ. ಆಗಲಿಲ್ಲ. ಒಂದಷ್ಟು ಹೊತ್ತು ಸುಮ್ಮನಿದ್ದು ನಕ್ಕರು. ಆಮೇಲೆ ಅಂದರು: ‘ನೀ ಯೋಳೋದು ಸರಿ ಕಣಪ್ಪ. ಆದ್ರೆ ಅವ್ರಿಗೆ ಹಿಂಗಾರು ಮಳೆ ಐತೆ. ಕೆಳಗೆ ಬಾವಿಲಿ ನೀರೈತೆ. ನಮಗೆ ಈ ನಾಲೆ ಬುಟ್ರೆ ಇನ್ನೇನೈತೆ?’

ಗೆಳೆಯರೆ, ಈ ಉತ್ತರದಲ್ಲಿ ಆದದ್ದೇನು ನೋಡಿ. ಅವರು ಸೋತು ಬಾಯಿ ಮುಚ್ಚಲಿಲ್ಲ. ಹಟ ಹಿಡಿದು ಹಳೆಯ ಮಾತನ್ನೇ ಕೂಗಲೂ ಇಲ್ಲ. ತಮ್ಮ ಕೋಲನ್ನು ಬದಲಿಸಿದರು. ‘ಮೇಲಿರುವವನದು’ ಎಂಬ ಒಡೆತನದ ಕೋಲನ್ನು ಕೆಳಗಿಟ್ಟು ‘ಯಾರಿಗೆ ಬೇರೆ ದಾರಿ ಇಲ್ಲವೋ ಅವರದು’ ಎಂಬ ಅಗತ್ಯದ ಕೋಲನ್ನು ಎತ್ತಿಕೊಂಡರು. ಈ ಎರಡನೆಯ ಕೋಲು ಹೆದ್ದಾರಿಯಲ್ಲೂ ನಿಲ್ಲುತ್ತದೆ, ತೂಬಿನ ಮುಂದೆಯೂ ನಿಲ್ಲುತ್ತದೆ. ಇನ್ನೊಬ್ಬರನ್ನು ಅಳೆಯುವ ಕೋಲಿನಲ್ಲಿ ತನ್ನನ್ನೂ ಅಳೆದುಕೊಳ್ಳುವುದಕ್ಕಿಂತ ಕಠಿಣವಾದ ಪರೀಕ್ಷೆ ಮೌಲ್ಯದ ಮಾತಿಗೆ ಇಲ್ಲ.

ಸ್ವಾರಸ್ಯವೆಂದರೆ, ದೇಶದ ದೊಡ್ಡ ನ್ಯಾಯಾಲಯದಲ್ಲಿ ನಡೆದದ್ದೂ ಬಹುಮಟ್ಟಿಗೆ ಇದೇ. ಕಾವೇರಿ ವಿವಾದದ ಚರಿತ್ರೆ ನಿಮಗೆ ಬಾಯಿಪಾಠ. ಮೈಸೂರು–ಮದರಾಸುಗಳ ನಡುವಿನ 1892ರ ಒಪ್ಪಂದ, 1924ರ ಒಪ್ಪಂದ, 1990ರಲ್ಲಿ ನ್ಯಾಯಮಂಡಳಿಯ ನೇಮಕ. 1991ರ ಜೂನ್ 25ರಂದು ವರ್ಷಕ್ಕೆ 205 ಟಿಎಂಸಿ ನೀರು ಕೊಡಬೇಕೆಂಬ ಮಧ್ಯಂತರ ಆದೇಶ ಬಂತು. ಅದನ್ನು ತಡೆಯಲು ಬಂಗಾರಪ್ಪನವರ ಸರ್ಕಾರ ಜುಲೈನಲ್ಲಿ ಸುಗ್ರೀವಾಜ್ಞೆ ತಂದಿತು. ಸುಪ್ರೀಂ ಕೋರ್ಟ್ ನವೆಂಬರ್‌ನಲ್ಲಿ ಅದು ಸಂವಿಧಾನಕ್ಕೆ ವಿರುದ್ಧ ಎಂದಿತು. ಒಂದು ಮುಖ್ಯ ಕಾರಣ, ತನ್ನ ವ್ಯಾಜ್ಯಕ್ಕೆ ತಾನೇ ನ್ಯಾಯಾಧೀಶನಾಗಲು ಯಾರಿಗೂ ಬರುವುದಿಲ್ಲ ಎಂಬುದು. ಆ ಡಿಸೆಂಬರ್‌ನ ಗಲಭೆಯನ್ನು ನಮ್ಮ ಮನೆಗಳಲ್ಲಿ ಇನ್ನೂ ನೆನೆಯುತ್ತಾರೆ. ನಿಮ್ಮ ಈ ಸಿ.ಎ. ಕೆರೆ ಹೋಬಳಿಯ ಭಾರತೀನಗರದಲ್ಲಿ ವಿದ್ಯಾಸಂಸ್ಥೆಗಳನ್ನು ಕಟ್ಟಿದ ಜಿ. ಮಾದೇಗೌಡರು ಕಾವೇರಿ ಹೋರಾಟವನ್ನು ದಶಕಗಳ ಕಾಲ ಮುನ್ನಡೆಸಿದರು. 2021ರಲ್ಲಿ ಅವರು ತೀರಿಕೊಂಡರು. ಅವರ ಹೋರಾಟ ಕಂಡವರು ಈ ಸಭೆಯಲ್ಲೇ ಇದ್ದೀರಿ. ನಾನು ಹೆಚ್ಚು ಹೇಳುವುದು ಉದ್ಧಟತನವಾಗುತ್ತದೆ.

ಈ ವ್ಯಾಜ್ಯದ ಎರಡೂ ಕಡೆಯ ವಾದಗಳನ್ನು ಬಿಡಿಸಿದರೆ ಸಂಗತಿಗಳ ಬಗ್ಗೆ ಭಿನ್ನಾಭಿಪ್ರಾಯ ನಾವು ಅಂದುಕೊಂಡಷ್ಟು ಇಲ್ಲ. ಮಳೆ ಎಷ್ಟು, ಒಳಹರಿವು ಎಷ್ಟು ಎಂಬುದು ಅಳೆಯುವಂಥದ್ದು. ಜಗಳ ಇರುವುದು ‘ನ್ಯಾಯವಾದ ಪಾಲು’ ಎಂಬ ಮಾತಿನಲ್ಲಿ. ತಮಿಳುನಾಡಿನ ಕೋಲು ಹಳೆಯ ಬಳಕೆ: ಚೋಳರ ಕಾಲದ ಕಲ್ಲಣೈಯಿಂದ ಹಿಡಿದು ನಾವು ಈ ನೀರಿನಲ್ಲಿ ಬೇಸಾಯ ಮಾಡಿಕೊಂಡು ಬಂದಿದ್ದೇವೆ, ಲಕ್ಷಾಂತರ ಎಕರೆ ಇದನ್ನೇ ನಂಬಿದೆ, ನಂಬಿದವನ ನೀರು ಕಸಿಯುವುದು ಅನ್ಯಾಯ. ಕರ್ನಾಟಕದ ಕೋಲು ಸಮಪಾಲು: ನದಿಗೆ ಸೇರುವ ನೀರಿನಲ್ಲಿ ಅರ್ಧಕ್ಕಿಂತ ಹೆಚ್ಚು ನಮ್ಮ ನೆಲದ್ದು, ಬ್ರಿಟಿಷರ ಪ್ರಾಂತ್ಯವೂ ಅಧೀನ ಸಂಸ್ಥಾನವೂ ಮಾಡಿಕೊಂಡ ಒಪ್ಪಂದ ಸಮಾನರ ಒಪ್ಪಂದವಲ್ಲ, ನಾವು ತಡವಾಗಿ ನೀರಾವರಿ ಆರಂಭಿಸಿದ್ದು ನಮ್ಮ ತಪ್ಪಲ್ಲ, ಆರಂಭಿಸಲು ಬಿಡಲಿಲ್ಲ. ಎರಡೂ ಮಾತಿನಲ್ಲಿ ಹುರುಳಿದೆ. ಮೊದಲು ಉತ್ತವನಿಗೆ ಹೊಲದ ಮೇಲೆ ಏನೂ ಹಕ್ಕಿಲ್ಲ ಎಂದು ಯಾವ ರೈತನೂ ಹೇಳುವುದಿಲ್ಲ. ಕೈಕಟ್ಟಿ ಕೂರಿಸಿದವನನ್ನು ‘ನೀನು ಆಗ ಯಾಕೆ ಉಳಲಿಲ್ಲ’ ಎಂದು ಕೇಳುವುದೂ ಸರಿಯಲ್ಲ.

ನ್ಯಾಯಮಂಡಳಿಯ ಅಂತಿಮ ತೀರ್ಪು 2007ರ ಫೆಬ್ರುವರಿ 5ರಂದು ಬಂತು. ಲಭ್ಯವಿರುವ ನೀರು 740 ಟಿಎಂಸಿ ಎಂದು ಲೆಕ್ಕ ಹಾಕಿ ತಮಿಳುನಾಡಿಗೆ 419, ಕರ್ನಾಟಕಕ್ಕೆ 270, ಕೇರಳಕ್ಕೆ 30, ಪುದುಚೇರಿಗೆ 7 ಟಿಎಂಸಿ ಹಂಚಿತು. 2018ರ ಫೆಬ್ರುವರಿ 16ರಂದು ಸುಪ್ರೀಂ ಕೋರ್ಟ್ ಕರ್ನಾಟಕದ ಪಾಲನ್ನು 14.75 ಟಿಎಂಸಿ ಹೆಚ್ಚಿಸಿ 284.75 ಮಾಡಿತು. ತಮಿಳುನಾಡಿನದು 404.25ಕ್ಕೆ ಇಳಿಯಿತು. ಈ 14.75 ಟಿಎಂಸಿ ಬಂದದ್ದು ಯಾವ ವಾದದಿಂದ ಎಂಬುದನ್ನು ನೋಡಬೇಕು. ‘ನದಿ ನಮ್ಮದು’ ಎಂಬ ವಾದದಿಂದ ಒಂದು ಹನಿಯೂ ಬರಲಿಲ್ಲ. ನದಿ ಯಾವುದೇ ಒಂದು ರಾಜ್ಯದ ಸ್ವತ್ತಲ್ಲ, ರಾಷ್ಟ್ರದ ಸಂಪತ್ತು ಎಂದು ನ್ಯಾಯಾಲಯ ಸ್ಪಷ್ಟವಾಗಿ ಹೇಳಿತು. ಹೆಚ್ಚುವರಿ ನೀರಿನಲ್ಲಿ 10 ಟಿಎಂಸಿ ಬಂದದ್ದು ತಮಿಳುನಾಡಿನಲ್ಲಿ ಲಭ್ಯವಿರುವ ಅಂತರ್ಜಲವನ್ನು ಗಣನೆಗೆ ತೆಗೆದುಕೊಂಡದ್ದರಿಂದ. ಉಳಿದ 4.75 ಬಂದದ್ದು ಬೆಂಗಳೂರಿನ ಜನರ ಕುಡಿಯುವ ನೀರಿನ ಅಗತ್ಯದಿಂದ. ಬೆಂಗಳೂರಿನ ಮೂರನೇ ಒಂದು ಭಾಗವಷ್ಟೇ ಕಾವೇರಿ ಕೊಳ್ಳದಲ್ಲಿದೆ ಎಂದು ನ್ಯಾಯಮಂಡಳಿ ಲೆಕ್ಕ ಹಾಕಿತ್ತು. ಬಾಯಾರಿಕೆಗೆ ಕೊಳ್ಳದ ಗಡಿ ಎಳೆಯುವುದನ್ನು ನ್ಯಾಯಾಲಯ ಒಪ್ಪಲಿಲ್ಲ. ಕುಡಿಯುವ ನೀರಿಗೆ ಉಳಿದೆಲ್ಲಕ್ಕಿಂತ ಮೇಲಿನ ಸ್ಥಾನ ಕೊಟ್ಟಿತು.

‘ಕೆಳಗೆ ಬಾವಿಲಿ ನೀರೈತೆ’ ಎಂದು ಒಣಗಿದ ತೂಬಿನ ಮುಂದೆ ನಿಂತು ನಮ್ಮ ಯಜಮಾನರು ಹೇಳಿದ ಮಾತು ನೆನಪಿದೆ ತಾನೆ? ಅವರು ತೀರ್ಪು ಓದಿದವರಲ್ಲ. ಅವರ ಎರಡನೆಯ ಕೋಲೇ ದೆಹಲಿಯಲ್ಲಿ ನಿಂತ ಕೋಲು.

ಇದನ್ನು ಹೇಳುವಾಗ ನನಗೆ ಸ್ವಲ್ಪ ಅಳುಕು ಇದೆ. ಮಂಡ್ಯದ ಮಣ್ಣಿನಲ್ಲಿ ನಿಂತು ಕಾವೇರಿಯ ವಿಷಯದಲ್ಲಿ ಎರಡೂ ಕಡೆಯ ವಾದ ಹೇಳುವವನನ್ನು ‘ಇವನು ಯಾರ ಕಡೆ?’ ಎಂದು ಕೇಳುತ್ತಾರೆ. ಕೇಳಲಿ. ನಾನು ಈ ಕಡೆಯವನೇ. ಎದುರಿನವನ ಕೋಲು ಯಾವುದೆಂದು ತಿಳಿಯದೆ ಕೂಗಿದವರು ಈ ವ್ಯಾಜ್ಯದಲ್ಲಿ ನಮಗೆ ನೀರು ತಂದುಕೊಟ್ಟಿಲ್ಲ. ಅಗತ್ಯವನ್ನು, ಅಂತರ್ಜಲವನ್ನು ಅಂಕಿ ಅಂಶ ಸಮೇತ ಮುಂದಿಟ್ಟು ವಾದಿಸಿದವರು ತಂದುಕೊಟ್ಟಿದ್ದಾರೆ.

ಎರಡನೆಯ ಉದಾಹರಣೆ ಇನ್ನೂ ಸೂಕ್ಷ್ಮವಾದದ್ದು. ಈ ಜಿಲ್ಲೆಯಲ್ಲಿ ಎಷ್ಟೋ ಮನೆಗಳ ಗೋಡೆಯ ಮೇಲೆ ದೇವರ ಪಟಗಳ ಜೊತೆಯಲ್ಲೇ ಪೇಟ ಧರಿಸಿದ ಸರ್ ಎಂ. ವಿಶ್ವೇಶ್ವರಯ್ಯನವರ ಪಟ ಇದೆ. ಇರಬೇಕಾದ್ದೇ. ನಾಲೆಗೂ ಅವರದೇ ಹೆಸರು. 1912ರಿಂದ 1918ರವರೆಗೆ ಅವರು ಮೈಸೂರಿನ ದಿವಾನರಾಗಿದ್ದರು. ಅವರು ಆ ಹುದ್ದೆ ಬಿಟ್ಟದ್ದು ಯಾಕೆ ಎಂದು ಕೇಳಿದರೆ ನಮ್ಮಲ್ಲಿ ಬಹಳ ಮಂದಿಗೆ ಉತ್ತರ ಗೊತ್ತಿಲ್ಲ. ಅದು ಒಂದು ಮೌಲ್ಯದ ಮಾತಿನ ಮೇಲಿನ ಭಿನ್ನಾಭಿಪ್ರಾಯ.

ಆಗ ಸಂಸ್ಥಾನದ ಮೇಲಿನ ಹುದ್ದೆಗಳಲ್ಲಿ ಬಹುಪಾಲು ಬ್ರಾಹ್ಮಣರಿದ್ದರು. ಇದು ಸಂಗತಿ, ಯಾರೂ ಅಲ್ಲಗಳೆದಿರಲಿಲ್ಲ. ಒಕ್ಕಲಿಗ, ಲಿಂಗಾಯತ, ಮುಸ್ಲಿಂ ಮೊದಲಾದ ಸಮುದಾಯಗಳ ಮುಖಂಡರು ಸರ್ಕಾರಿ ಹುದ್ದೆಗಳಲ್ಲಿ ತಮಗೂ ಪಾಲು ಬೇಕೆಂದು ನಾಲ್ವಡಿ ಕೃಷ್ಣರಾಜ ಒಡೆಯರ ಮುಂದೆ ಬೇಡಿಕೆ ಇಟ್ಟರು. 1918ರಲ್ಲಿ ಮಹಾರಾಜರು ಮುಖ್ಯ ನ್ಯಾಯಾಧೀಶ ಸರ್ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಸಮಿತಿ ನೇಮಿಸಿದರು. ವಿಶ್ವೇಶ್ವರಯ್ಯನವರಿಗೆ ಇದು ಒಪ್ಪಿಗೆಯಾಗಲಿಲ್ಲ. ಹಿಂದುಳಿದವರಿಗೆ ಶಿಕ್ಷಣ ಕೊಡಿ, ವಿದ್ಯಾರ್ಥಿವೇತನ ಕೊಡಿ, ಮೇಲೆತ್ತಿ. ಆದರೆ ನೇಮಕದಲ್ಲಿ ಯೋಗ್ಯತೆಯೊಂದೇ ಮಾನದಂಡವಾಗಿರಲಿ, ಇಲ್ಲವಾದರೆ ಆಡಳಿತದ ದಕ್ಷತೆ ಕುಂದಿ ನಾಡಿಗೇ ನಷ್ಟ ಎಂಬುದು ಅವರ ನಿಲುವು. ಅವರು ಹುದ್ದೆಯಿಂದ ನಿರ್ಗಮಿಸಿದರು.

ಸಮಿತಿಯ ವರದಿ 1919ರಲ್ಲಿ ಬಂತು. ಏಳು ವರ್ಷಗಳ ಒಳಗೆ ಮೇಲ್ದರ್ಜೆಯ ಹುದ್ದೆಗಳಲ್ಲಿ ಅರ್ಧಕ್ಕೆ ಕಡಿಮೆಯಿಲ್ಲದಂತೆ, ಕೆಳದರ್ಜೆಯವುಗಳಲ್ಲಿ ಮೂರನೇ ಎರಡರಷ್ಟು ಬ್ರಾಹ್ಮಣೇತರರಿಗೆ ಸಿಗಬೇಕು. ಅರ್ಹರಾದ ದಲಿತ ಅಭ್ಯರ್ಥಿಗಳಿದ್ದರೆ ಅವರಿಗೆ ಆದ್ಯತೆ ಇರಬೇಕು ಎಂದು ಅದು ಹೇಳಿತು. 1921ರಲ್ಲಿ ಸರ್ಕಾರ ಅದರ ಮುಖ್ಯ ಶಿಫಾರಸುಗಳನ್ನು ಆದೇಶವಾಗಿ ಹೊರಡಿಸಿತು. ಆದರೆ ನನಗೆ ಈ ಅಂಕಿಗಳಿಗಿಂತ ಮುಖ್ಯವೆನಿಸುವುದು ಸಮಿತಿ ‘ದಕ್ಷತೆ’ ಎಂಬ ಪದವನ್ನು ಎದುರಿಸಿದ ಬಗೆ.

ಸಮಿತಿ ಎರಡು ದಾರಿ ಹಿಡಿಯಬಹುದಿತ್ತು. ‘ದಕ್ಷತೆ ಕುಂದಿದರೂ ಪರವಾಗಿಲ್ಲ, ಸಮಾನತೆ ಅದಕ್ಕಿಂತ ದೊಡ್ಡದು’ ಎನ್ನಬಹುದಿತ್ತು. ಅದು ಎರಡು ಮೌಲ್ಯಗಳನ್ನು ತಕ್ಕಡಿಗೆ ಹಾಕುವ ದಾರಿ. ಸಮಿತಿ ಹಿಡಿದದ್ದು ಇನ್ನೊಂದನ್ನು. ದಕ್ಷತೆ ಬೇಕು, ಒಪ್ಪಿದೆವು. ಆದರೆ ದಕ್ಷತೆಯನ್ನು ಅಳೆಯುವುದು ಪರೀಕ್ಷೆಯ ಅಂಕಗಳಿಂದ ಮಾತ್ರವೇ? ಜನರ ಬಗ್ಗೆ ಸಹಾನುಭೂತಿ, ಪ್ರಾಮಾಣಿಕತೆ, ಕಾರ್ಯೋತ್ಸಾಹ, ವ್ಯವಹಾರಜ್ಞಾನ ಇವೂ ಒಬ್ಬ ಅಧಿಕಾರಿಯನ್ನು ದಕ್ಷನನ್ನಾಗಿ ಮಾಡುವುದಿಲ್ಲವೇ ಎಂಬುದು ಸಮಿತಿಯ ವಾದದ ತಿರುಳು. ಅಂದರೆ ಎದುರಾಳಿಯ ಮೌಲ್ಯವನ್ನು ತಳ್ಳಿಹಾಕದೆ, ಆ ಮೌಲ್ಯವನ್ನು ಅಳೆಯುವ ಕೋಲು ಗಿಡ್ಡವಾಗಿದೆ ಎಂದು ತೋರಿಸುವುದು.

ಬೆಲ್ಲದ ಉದಾಹರಣೆ ಮತ್ತೆ ನೆನಪಿಸಿಕೊಳ್ಳಿ. ಬಣ್ಣವನ್ನೇ ನೋಡಿ ಬೆಲ್ಲ ಕೊಳ್ಳುವವನಿಗೆ ‘ಒಳ್ಳೆಯ ಬೆಲ್ಲ ಬೇಡ’ ಎಂದು ಹೇಳುವುದು ಒಂದು ವಾದ. ‘ಒಳ್ಳೆಯ ಬೆಲ್ಲವೇ ಬೇಕು, ಆದರೆ ಒಳ್ಳೆಯದೆಂದರೆ ಬಣ್ಣ ಮಾತ್ರವಲ್ಲ’ ಎನ್ನುವುದು ಇನ್ನೊಂದು. ಎರಡನೆಯದು ಗಟ್ಟಿ ವಾದ. ಮೊದಲನೆಯದಕ್ಕೆ ಜನ ಬೆನ್ನು ತಿರುಗಿಸುತ್ತಾರೆ.

ಹಾಗೆಂದು ವಿಶ್ವೇಶ್ವರಯ್ಯನವರನ್ನು ಸಣ್ಣವರನ್ನಾಗಿ ಮಾಡುವುದು ನನ್ನ ಉದ್ದೇಶವಲ್ಲ. ಅವರು ಹುದ್ದೆಯ ಆಸೆಗೆ ನಿಲುವು ಬದಲಿಸಲಿಲ್ಲ. ಅವರ ವಾದದಲ್ಲೂ ಸೇತುವೆ ಕಟ್ಟುವವನಿಗೆ ಗಣಿತ ಬರಲೇಬೇಕೆಂಬ ಸತ್ಯವಿದೆ. ಆದರೆ ತಹಸೀಲ್ದಾರನಿಗೆ ಬರಬೇಕಾದ್ದು ಏನು? ಪಹಣಿ ತಿದ್ದಿಸಲು ನಾಲ್ಕನೆಯ ಸಲ ಬಂದ ಮುದುಕಿಯ ಮಾತನ್ನು ತಾಳ್ಮೆಯಿಂದ ಕೇಳುವುದು ಅವನ ಯೋಗ್ಯತೆಗೆ ಸೇರಿದ್ದೋ ಅಲ್ಲವೋ? ನಾನು ಎರಡೂ ಕಡೆಯ ಬರಹಗಳನ್ನು ಓದಿದಾಗ ಸಮಿತಿಯ ವಾದವೇ ನನಗೆ ಹೆಚ್ಚು ಒಪ್ಪಿತವಾಗಿದೆ. ನಿಮಗೆ ಬೇರೆ ಕಾಣಬಹುದು. ಒಬ್ಬ ದೊಡ್ಡ ಮನುಷ್ಯರ ಪಟಕ್ಕೆ ಹೂವಿಡುತ್ತಲೇ ಅವರ ಒಂದು ವಾದವನ್ನು ಒಪ್ಪದಿರುವುದು ಸಾಧ್ಯ ಎಂಬುದನ್ನು ನಮ್ಮ ಚರ್ಚೆಗಳಲ್ಲಿ ನಾವು ಮರೆತಂತಿದೆ. ಇಂದಿಗೂ ಮೀಸಲಾತಿಯ ಬಗ್ಗೆ ಪತ್ರಿಕೆಗೆ ಬರುವ ಓದುಗರ ಪತ್ರಗಳಲ್ಲಿ ನೂರಕ್ಕೂ ಹೆಚ್ಚು ವರ್ಷ ಹಳೆಯದಾದ ಇದೇ ‘ಯೋಗ್ಯತೆ’ ಪದ ಬರುತ್ತದೆ. ಪರ ಬರೆಯುವವರೂ ವಿರುದ್ಧ ಬರೆಯುವವರೂ ಅದನ್ನು ಬಿಡಿಸಿ ಹೇಳುವ ತೊಂದರೆ ತೆಗೆದುಕೊಳ್ಳುವುದು ಅಪರೂಪ.

ಪತ್ರಿಕೆ ಓದುವಾಗ ಮೌಲ್ಯದ ಮಾತು ಯಾವಾಗಲೂ ‘ಒಳ್ಳೆಯದು’, ‘ಕೆಟ್ಟದ್ದು’ ಎಂದು ಹಣೆಪಟ್ಟಿ ಹಚ್ಚಿಕೊಂಡು ಬರುವುದಿಲ್ಲ. ಸಣ್ಣ ಪದಗಳಲ್ಲಿ ನುಸುಳುತ್ತದೆ. ‘ಕೇವಲ ನೂರು ಕುಟುಂಬಗಳು ಸ್ಥಳಾಂತರವಾಗಲಿವೆ’ ಎಂದು ಬರೆದರೆ ನೂರು ಎಂಬುದು ಸಂಗತಿ. ‘ಕೇವಲ’ ಎಂಬುದು ತೀರ್ಮಾನ. ಆ ನೂರರಲ್ಲಿ ಒಂದು ನಮ್ಮ ಮನೆಯಾಗಿದ್ದರೆ ಆ ಪದ ಬರುತ್ತಿರಲಿಲ್ಲ. ‘ಅಭಿವೃದ್ಧಿ’ ಎಂಬುದು ಇನ್ನೊಂದು. ಹೆದ್ದಾರಿ ಅಗಲವಾಯಿತು ಎಂಬುದು ಸಂಗತಿ. ಅಭಿವೃದ್ಧಿಯಾಯಿತು ಎಂದಾಗ ಮದ್ದೂರಿನಲ್ಲಿ ಬಸ್ಸು ನಿಲ್ಲಿಸಿ ವಡೆ ತಿನ್ನುತ್ತಿದ್ದವರನ್ನೇ ನೆಚ್ಚಿಕೊಂಡಿದ್ದ ಹೋಟೆಲಿನವನ ಲೆಕ್ಕ ಎಲ್ಲಿ ಹೋಯಿತು ಎಂದು ಕೇಳಬೇಕಾಗುತ್ತದೆ. ಬೈಪಾಸಿನಲ್ಲಿ ವೇಗವಾಗಿ ಹೋಗುವವರಿಗೆ ಸಮಯ ಉಳಿಯಿತು ಎಂಬುದೂ ನಿಜವೇ. ‘ತಮಿಳುನಾಡಿಗೆ ನೀರು ಬಿಟ್ಟ ಸರ್ಕಾರ’ ಎಂದು ನಾವು ಶೀರ್ಷಿಕೆ ಕೊಡುತ್ತೇವೆ. ಆ ಕಡೆಯಿಂದ ನೋಡುವವರಿಗೆ ಅದೇ ನೀರು ‘ಬರಬೇಕಾದ ಪಾಲು’. ಕ್ಯೂಸೆಕ್ ಎಷ್ಟೆಂಬುದು ಎರಡೂ ಕಡೆ ಒಂದೇ.

ನನ್ನ ಕಸುಬಿನವರು ಈ ವಿಷಯದಲ್ಲಿ ನಿರಪರಾಧಿಗಳೇನಲ್ಲ. ಸಂಜೆ ಏಳಕ್ಕೆ ಪ್ರತಿ ಕೊಡಬೇಕಾದ ಆತುರದಲ್ಲಿ ‘ಯಾರು ಹೇಳಿದ್ದು?’ ಎಂದು ಕೇಳಿಕೊಳ್ಳದೆ ಎಷ್ಟೋ ವಿಶೇಷಣಗಳು ದಾಟಿಹೋಗುತ್ತವೆ. ಆದರೆ ಮೌಲ್ಯದ ಮಾತೇ ಬೇಡ, ಬರೀ ಸಂಗತಿ ಬರೆಯಿರಿ ಎನ್ನುವವರ ಜೊತೆಗೂ ನಾನಿಲ್ಲ. ಸಂಪಾದಕೀಯದಲ್ಲಿ ಮಳೆಯ ಅಂಕಿ ಮಾತ್ರ ಕೊಟ್ಟು ನ್ಯಾಯ ಅನ್ಯಾಯದ ಬಗ್ಗೆ ಬಾಯಿ ಬಿಡದಿದ್ದರೆ ಓದುಗನಿಗೆ ಅದರಿಂದ ಏನು ಬಂತು? ‘ಅದೆಲ್ಲ ಅವರವರ ಅಭಿಪ್ರಾಯ ಬಿಡಿ’ ಎಂಬ ಮಾತನ್ನೂ ನಾನು ಒಪ್ಪುವುದಿಲ್ಲ. ನನಗೆ ರಾಗಿಮುದ್ದೆ ಇಷ್ಟ ಎಂಬುದು ಅಭಿರುಚಿ. ಅದಕ್ಕೆ ಕಾರಣ ಕೊಡಬೇಕಾಗಿಲ್ಲ. ಕೊನೆ ಭಾಗದ ರೈತನಿಗೆ ನೀರು ಕೊಡದಿರುವುದು ಅನ್ಯಾಯ ಎಂದರೆ ಕಾರಣ ಕೊಡಬೇಕು, ಕೋಲು ತೋರಿಸಬೇಕು, ಆ ಕೋಲು ನನ್ನ ಕಡೆ ತಿರುಗಿದಾಗಲೂ ಒಪ್ಪಬೇಕು.

ವಿದ್ಯಾರ್ಥಿಗಳು ಮುಂದಿನ ಸಲ ‘ಮೊಬೈಲ್ ವರವೋ ಶಾಪವೋ’ ಬರೆಯಬೇಕಾಗಿ ಬಂದರೆ ಮೊದಲ ಸಾಲಿನಲ್ಲೇ ಯಾರಿಗೆ, ಯಾವ ಕೋಲಿನಲ್ಲಿ ಎಂದು ಬರೆದು ನೋಡಿ. ರಾತ್ರಿ ನಾಲೆಯ ಮೇಲೆ ಒಬ್ಬನೇ ನೀರು ಕಾಯುವ ರೈತನಿಗೋ, ಪರೀಕ್ಷೆಯ ಹಿಂದಿನ ದಿನ ಓದಬೇಕಾದ ಹುಡುಗನಿಗೋ? ಅಂಕ ಹೆಚ್ಚುತ್ತದೆಂದು ನಾನು ಭರವಸೆ ಕೊಡಲಾರೆ. ತಿದ್ದುವ ಮೇಷ್ಟರ ಕೋಲು ಯಾವುದೋ ನನಗೆ ಗೊತ್ತಿಲ್ಲ.

ಆ ಯಜಮಾನರನ್ನು ಇವತ್ತು ಈ ಸಭೆಗೆ ಕರೆದಿದ್ದೆ. ‘ನಾಲೆಗೆ ನೀರು ಬಂದೈತೆ, ಈವತ್ತು ನಮ್ಮ ಸರದಿ, ಭಾಷಣ ಕೇಳ್ತಾ ಕೂತ್ರೆ ಮ್ಯಾಲಿನೋರು ಎತ್ಕೊಂಡ್ಬುಡ್ತಾರೆ’ ಎಂದರು. ನಾನು ಒತ್ತಾಯ ಮಾಡಲಿಲ್ಲ. ಈಗ ನಿಮ್ಮ ಪ್ರಶ್ನೆಗಳನ್ನು ಕೇಳಿ.